ನೋಡದೆ ಒತ್ತಿದ ಹೆಬ್ಬೆಟ್ಟು

ಓದು ಬಾರದವರನ್ನು ನಮ್ಮ ಕಡೆ ಹೆಬ್ಬೆಟ್ಟು ಎನ್ನುತ್ತಾರೆ. ನಮ್ಮವ್ವ ಹೆಬ್ಬೆಟ್ಟು. ಯಾವುದಾದರೂ ಪತ್ರಕ್ಕೆ ಬೆರಳೊತ್ತುವ ಮೊದಲು ಅವಳು ಎದುರಿಗಿದ್ದವನನ್ನು ಕೂರಿಸಿಕೊಂಡು, "ಏನ್ ಬರ್ದಿದೀಯಪ್ಪ, ಓದು. ಇನ್ನೊಂದ್ ಕಿತ ಓದು" ಎಂದು ಮೂರು ಸಲ ಓದಿಸುತ್ತಿದ್ದಳು. ಕೇಳಿ, ಮನಸ್ಸಿನಲ್ಲೇ ತೂಗಿ ನೋಡಿ, ಆಮೇಲೆ ಬೆರಳನ್ನು ಶಾಯಿಗೆ ಅದ್ದುತ್ತಿದ್ದಳು. ನಾನು ಎಂಟನೇ ತರಗತಿಯವರೆಗೆ ಓದಿದವನು. ಆದ್ದರಿಂದ ನನ್ನನ್ನು ಯಾರೂ ಹೆಬ್ಬೆಟ್ಟು ಎನ್ನುವ ಹಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೇಗೆ ಹೋಯಿತು ಎಂಬುದನ್ನು ಈಗ ಹೇಳಬೇಕಾಗಿದೆ. ತಪ್ಪು ಒಪ್ಪಿಕೊಂಡರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ನನಗೆ ಅಂಥ ಆಸೆಯೇನೂ ಇಲ್ಲ. ಇಳಿಸುವ ಕೆಲಸದಲ್ಲಿ ನನ್ನ ಕೈಗುಣ ಎಂಥದ್ದು ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಗಡಿಯಾಚೆ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕಾರ್ಖಾನೆಗೆ ಸೇರುವವರ ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು, ಲ್ಯಾಮಿನೇಷನ್ನು, ಇಷ್ಟೇ ವಹಿವಾಟು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗಿರಾಕಿಗಳ ಜೊತೆ ಜಗಳವಾಡಬಲ್ಲೆ. ಓದುವುದಕ್ಕೆ ಬಂದರೆ ಕನ್ನಡ ಪೂರ್ತಿ, ಇಂಗ್ಲಿಷು ಫಾರಂ ತುಂಬುವಷ್ಟು, ತಮಿಳು ಬಸ್ಸಿನ ಬೋರ್ಡಿನಷ್ಟು. ನನ್ನ ಅಕ್ಕ ನಾಗರತ್ನ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ತಳಿ ಎಂಬ ಊರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಸೇವಂತಿಗೆ ಬೆಳೆಯುತ್ತಾರೆ, ಸ್ವಲ್ಪ ರಾಗಿ. ಆದರೆ ಅಕ್ಕನ ಹೆಸರು ಹೇಳಿದರೆ ಆ ಸುತ್ತಿನವರಿಗೆ ನೆನಪಾಗುವುದು ಹೂವಲ್ಲ, ಸೋಬಾನೆ ಪದ. ಹೆಣ್ಣಿಗೆ ಅರಿಶಿನ ಹಚ್ಚುವಾಗ, ಗಂಡನ್ನು ಹಸೆಗೆ ಕರೆಯುವಾಗ ಅಕ್ಕ ಬಾಯಿ ತೆರೆದಳೆಂದರೆ ಅಡುಗೆಯವರು ಸೌಟು ಹಿಡಿದುಕೊಂಡೇ ಈಚೆಗೆ ಬಂದು ನಿಲ್ಲುತ್ತಿದ್ದರಂತೆ. ಮದುವೆ ಗಂಡನ್ನು ಗೇಲಿ ಮಾಡುವ ಪದಗಳನ್ನಂತೂ ಅವಳು ನಿಂತಲ್ಲೇ ಕಟ್ಟುತ್ತಿದ್ದಳು. ನನ್ನ ಮದುವೆಯಲ್ಲಿ ನನ್ನ ಮೀಸೆಯ ಮೇಲೆ ಪದ ಕಟ್ಟಿ ಹಾಡಿದಳಂತೆ. 'ಅಂತೆ' ಎಂದೆ, ಯಾಕೆಂದರೆ ಆ ಹೊತ್ತಿಗೆ ನಾನು ಮೀಸೆ ಸರಿ ಮಾಡಿಸಿಕೊಳ್ಳಲು ಕ್ಷೌರದ ಅಂಗಡಿಗೆ ಹೋಗಿದ್ದೆ.

ಹೋದ ವರ್ಷ ಅಕ್ಕನ ಕುತ್ತಿಗೆಯಲ್ಲಿ ಗಡ್ಡೆಯಾಯಿತು. ಅದು ದನಿಯ ನರವನ್ನೇ ಸುತ್ತಿಕೊಂಡು ಬೆಳೆದಿತ್ತು. ತೆಗೆಸಿದ ಮೇಲೆ ಅಕ್ಕ ಉಳಿದಳು, ದನಿ ಉಳಿಯಲಿಲ್ಲ. ಈಗ ಅವಳು ಮಾತಾಡಿದರೆ ಮೆದೆಯಿಂದ ಒಣ ರಾಗಿಹುಲ್ಲು ಎಳೆದ ಹಾಗೆ ಸದ್ದು. ಅವಳು ಹಾಡಿದ್ದರಲ್ಲಿ ಉಳಿದದ್ದು ಇಪ್ಪತ್ತಮೂರು ಪದ ಮಾತ್ರ. ಮದುವೆಗಳಿಗೆ ವಿಡಿಯೋ ಹಿಡಿಯುವ ಮುನಿರಾಜು ಎಂಬವನು ಅಕ್ಕನ ಹಾಡನ್ನು ತನ್ನ ಫೋನಿನಲ್ಲಿ ಬೇರೆಯಾಗಿ ಹಿಡಿದು, ಇಂಟರ್ನೆಟ್ಟಿನಲ್ಲಿ ತನ್ನ ಚಾನೆಲ್ಲಿಗೆ ಹಾಕಿದ್ದ. ಅಕ್ಕ ಮಧ್ಯಾಹ್ನ ಹೂವು ಬಿಡಿಸಿ ಬಂದು ಜಗಲಿಯಲ್ಲಿ ಕೂತು ಅವನ್ನು ಕೇಳಿಕೊಳ್ಳುತ್ತಿದ್ದಳು.

ಹೊಸೂರು ಸೀಮೆಯಲ್ಲಿ ಈಗ ಮದುವೆಗಿಂತ ಸೈಟುಗಳು ಹೆಚ್ಚಾಗಿ ಆಗುತ್ತಿವೆ. ಮುನಿರಾಜು ಕಾಲ ನೋಡಿ ಒಂದು ಡ್ರೋನ್ ತಂದು, ಲೇಔಟುಗಳ ವಿಡಿಯೋ ಮಾಡಲು ಶುರುಮಾಡಿದ. ಸೈಟು ನೋಡಲು ಬಂದವರಿಗೆ ಅರಿಶಿನದ ಶಾಸ್ತ್ರ ಯಾಕೆ ಎಂದು ಹಳೆಯ ವಿಡಿಯೋಗಳನ್ನೆಲ್ಲ ಅಳಿಸುವುದಾಗಿ ಹೇಳಿದ. ಅಕ್ಕ ನನಗೆ ಫೋನ್ ಮಾಡಿದಳು.

"ಲೋ ನಂಜ, ನನ್ ದನಿ ಹೆಂಗಿತ್ತು ಅಂತ ನನಗೇ ಮರ್ತೋಗ್ತಾ ಐತೆ ಕಣ್ಲಾ. ಮುನಿರಾಜ ಭಾನ್ವಾರ ಎಲ್ಲಾ ಅಳಿಸ್ಬುಡ್ತಾನಂತೆ. ನಿನ್ ಅಂಗಡೀಲಿ ಕಂಪ್ಯೂಟ್ರು ಐತಲ್ಲ, ಇಳಿಸಿ ಇಟ್ಬುಡು."

ಮುನಿರಾಜುವನ್ನೇ ಕೇಳಿದೆ. "ಸಾವ್ರದ ಮೇಲೆ ಅವೆ ಅಣ್ಣ. ಎಲ್ಲಾದ್ರ ಹೆಸ್ರೂ 'ಮದುವೆ ಭಾಗ ಮೂರು' ಅಂತ್ಲೇ ಐತೆ. ನಾನೆಲ್ಲಿ ಹುಡುಕ್ಲಿ? ಬೇಕಾದ್ದು ನೀವೇ ಇಳಿಸ್ಕೊಂಬುಡಿ" ಎಂದ.

ಆಗ ನನಗೆ ನೆನಪಾದವರು ಭುವನಮ್ಮ. ಪಕ್ಕದ ಆಲಸನತ್ತಂನಲ್ಲಿ ಬಾಡಿಗೆಗಿರುವ, ತಮಿಳು ಬೆರೆಸಿ ಕನ್ನಡ ಮಾತಾಡುವ ಇಂಜಿನಿಯರು, ಜೆರಾಕ್ಸಿಗೆಂದು ನನ್ನಲ್ಲಿಗೆ ಬರುವವರು. ನನ್ನ ಸಂಕಟ ಕೇಳಿ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಲಿಂಕ್ ಇರುಕ್ಕಾ ಅಣ್ಣಾ? ಆ ವಿಡಿಯೋಗಳ ಲಿಂಕ್ ಇದ್ರೆ ಹುಡುಕೋದೇ ಬೇಡ."

"ಇಲ್ಲಮ್ಮ" ಎಂದೆ. ಯೋಚನೆಯನ್ನೇ ಮಾಡದೆ ಎಂದೆ.

"ಸರಿ, ಹಾಗಾದ್ರೆ ಹುಡುಕಿ ಜರಡಿ ಹಿಡೀಬೇಕು" ಎಂದು ಅವರು ನನ್ನ ಕಂಪ್ಯೂಟರಿಗೆ ಒಂದು ಸಾಧನ ಹಾಕಿಕೊಟ್ಟರು. ಅದಕ್ಕೆ ಬಣ್ಣವಿಲ್ಲ, ಗುಂಡಿಯಿಲ್ಲ, ಚಿತ್ರವಿಲ್ಲ. ಒಂದು ಕಪ್ಪು ಕಿಟಕಿ, ಅದರಲ್ಲಿ ಮಿಣುಕುವ ಒಂದು ಗೀಟು. ನಾವು ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಬೇಕು. ಇಂಥ ಮಾತು ಹುಡುಕು, ಮೊದಲ ಇನ್ನೂರು ವಿಡಿಯೋ ತೆಗೆ, ಇಂಥ ಟ್ಯಾಗ್ ಇದ್ದರೆ ಇಳಿಸು, ಇಂಥದ್ದಿದ್ದರೆ ಬಿಡು. ಟ್ಯಾಗ್ ಎಂದರೆ ಏನೆಂದು ಕೇಳಿದೆ. ಸರ್ಕಾರದವರು ಹಸುವಿನ ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರಲ್ಲ, ಹಾಗೆ ವಿಡಿಯೋ ಹಾಕುವವರು ಅದಕ್ಕೆ ಅಂಟಿಸುವ ಗುರುತು ಎಂದರು. ಕೆಟ್ಟುಹೋದ ಜೆರಾಕ್ಸ್ ಹಾಳೆಯ ಹಿಂದೆ ನಾಲ್ಕು ಸಾಲು ಬರೆದುಕೊಟ್ಟು ಹೋದರು. ನಾನು ಅದನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ಅಂಟಿಸಿದೆ. ನನ್ನ ಅಂಗಡಿಯಲ್ಲಿ ಗೌರವ ತೋರಿಸುವುದೆಂದರೆ ಹಾಗೆಯೇ.

ಮೊದಲು 'ತಳಿ ಹಾಡು' ಎಂದು ಕನ್ನಡದಲ್ಲಿ ಕೊಟ್ಟೆ. ಕಿಟಕಿಯಲ್ಲಿ ಅಕ್ಷರಗಳು ಜರಜರ ಓಡಿದವು. ಊಟ ಮುಗಿಸಿ ಬರುವಷ್ಟರಲ್ಲಿ ಬಂದು ಕೂತಿದ್ದವು ಹೊಸ ಟೊಮೆಟೊ ತಳಿ, ಅಧಿಕ ಮೊಟ್ಟೆಯ ಕೋಳಿ ತಳಿ, ಜೊತೆಗೆ ಒಂದು ಹೋರಿ, ಅದರ ವಂಶಾವಳಿಯ ವಿವರಣೆ ಇಪ್ಪತ್ತು ನಿಮಿಷ. ಊರಿನ ಹೆಸರು ಇಂಗ್ಲಿಷಿನಲ್ಲಿ ಕೊಟ್ಟರೆ ಸರಿಹೋದೀತು ಎಂದು ನನಗೆ ತೋಚಿದ ಹಾಗೆ ಬರೆದೆ. ದೊಡ್ಡ ತಟ್ಟೆಯ ತುಂಬ ಬಟ್ಟಲಿಟ್ಟ 'ಥಾಲಿ' ಊಟಗಳು ಬಂದವು, ಮೂವತ್ತು ಬಗೆ. ಒಂದು ಅಕ್ಷರ ತೆಗೆದೆ. ಹೊಸ ಮಾದರಿಯ ತಾಳಿ ಸರಗಳು ಬಂದವು. ಮದುವೆಯ ಹತ್ತಿರಕ್ಕಂತೂ ಬಂದೆ ಎಂದು ಸಮಾಧಾನವಾಯಿತು. ಇಷ್ಟಾದರೂ ನನಗೆ ಆ ಕಪ್ಪು ಕಿಟಕಿಯ ಮೇಲೆ ಪ್ರೀತಿ ಹುಟ್ಟಿತೆಂದರೆ ನೀವು ನಗಬಾರದು. ನಲವತ್ತಾರು ವರ್ಷದ ಬಾಳಿನಲ್ಲಿ ನಾನು ಕೊಟ್ಟ ಆಜ್ಞೆಯೊಂದು ಎದುರುತ್ತರವಿಲ್ಲದೆ ನಡೆದದ್ದು ಅದೇ ಮೊದಲು. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೆ, "ಕೊಡ ಅಲ್ಲೇ ಐತಲ್ಲ" ಎಂಬ ಉತ್ತರ ಬರುತ್ತದೆ. ಆದರೆ ಈಗ ಅನ್ನಿಸುತ್ತದೆ, ಎದುರುತ್ತರ ಕೊಡುವವರು ನಮ್ಮನ್ನು ಎಷ್ಟೋ ತಪ್ಪಿನಿಂದ ಕಾಯುತ್ತಿರುತ್ತಾರೆ. "ಯಾಕೆ?" ಎಂದು ಒಂದು ಮಾತು ಆ ಕಿಟಕಿ ಕೇಳಿದ್ದರೆ ಸಾಕಾಗಿತ್ತು.

ಊರಿನ ಹೆಸರು ಬಿಟ್ಟು 'ಸೋಬಾನೆ' ಎಂದು ಹುಡುಕಿದೆ. ದಾರಿ ಸರಿಯಾಯಿತು. ಆದರೆ ಅದರ ಜೊತೆಗೆ ತಮಿಳು ಮದುವೆ ಹಾಡುಗಳು, ತಮಿಳು ಧಾರಾವಾಹಿಯ ಮದುವೆಗಳು, ಅವುಗಳಲ್ಲಿ ನಿಂತುಹೋದ ಮದುವೆಗಳು ಎಲ್ಲ ಸೇರಿ ಬರತೊಡಗಿದವು. ನನ್ನ ಕಂಪ್ಯೂಟರು ಇರುವ ಜಾಗ ನೋಡಿ ಅದು ಹಾಗೆ ಕೊಡುತ್ತದಂತೆ. ಶನಿವಾರ ಮಧ್ಯಾಹ್ನವಾಗಿತ್ತು, ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ನಾನು ಗೋಡೆಯ ಹಾಳೆ ನೋಡಿಕೊಂಡು ಜರಡಿಗೆ ಎರಡು ಮಾತು ಹೇಳಿದೆ. ಟ್ಯಾಗಿನಲ್ಲಿ 'ಸೋಬಾನೆ' ಇದ್ದರೆ ಇಳಿಸು. 'ತಮಿಳ್' ಎಂಬ ಅಕ್ಷರಗಳು ಎಲ್ಲಿ ಕಂಡರೂ ಬಿಡು. ಎಂಟರ್ ಒತ್ತಿದೆ. ಒಂದು ತಾಸಿನ ಮೇಲೆ ನೋಡಿದರೆ ನಲವತ್ತೊಂದು ವಿಡಿಯೋ ಇಳಿದಿದ್ದವು. ಒಂದು ತಟ್ಟೆ ಊಟವಿಲ್ಲ, ಒಂದು ಹೋರಿಯಿಲ್ಲ. ಒಂದು ನಿಂತುಹೋದ ಮದುವೆಯೂ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಎಲ್ಲಾ ಬಂತಕ್ಕ. ನಲವತ್ತೊಂದು!"

ಆ ಕಡೆಯಿಂದ ಹುಲ್ಲು ಎಳೆದ ಹಾಗೆ ದನಿ ಬಂತು. "ಮುನಿರಾಜ ಹಿಡ್ದಿರೋದೇ ಇಪ್ಪತ್ಮೂರು ಕಣ್ಲಾ."

"ಎರಡೆರಡು ಸಲ ಬಂದಿರ್ತವೆ ಬುಡಕ್ಕ."

"ತೆಗ್ದು ನೋಡ್ದೇನ್ಲಾ?"

"ನೋಡ್ದೆ ಅಕ್ಕ. ಚೆನ್ನಾಗವೆ" ಎಂದೆ.

ನಾನು ಹೇಳಬೇಕೆಂದಿದ್ದ ತಪ್ಪು ಇದೇ. ಅದು ಸುಳ್ಳು ಎಂದು ಹೇಳುವಾಗ ನನಗೆ ಅನ್ನಿಸಲೂ ಇಲ್ಲ. ಬಸ್ಸಿನಲ್ಲಿ ಯಾರೋ 'ಊಟ ಆಯ್ತಾ' ಎಂದರೆ 'ಆಯ್ತು' ಎನ್ನುತ್ತೇವಲ್ಲ, ಹಾಗೆ ಬಂತು. ನಮ್ಮವ್ವ ರಾಗಿ ಜರಡಿ ಹಿಡಿದ ಮೇಲೆ ಜರಡಿಯಲ್ಲಿ ಉಳಿದ ತರಿಯನ್ನು ಎಂದೂ ಹಾಗೇ ಕೋಳಿಗೆ ಎರಚಿದವಳಲ್ಲ. ಮೊರಕ್ಕೆ ಹಾಕಿಕೊಂಡು ಒಮ್ಮೆ ಕೈಯಾಡಿಸಿ ನೋಡುತ್ತಿದ್ದಳು. ಒಂದು ತಾಸು ನೋಡಲು ನನಗೆ ಹೊತ್ತಿರಲಿಲ್ಲ ಎಂದಲ್ಲ. ನೋಡುವಂಥದ್ದು ಏನಿದೆ, ಅಕ್ಕನ ಹಾಡು ತಾನೆ ಎಂದುಕೊಂಡಿದ್ದೆ.

ಎರಡು ವಾರದ ಮೇಲೆ ಪೆನ್ ಡ್ರೈವ್ ಹಿಡಿದು ತಳಿಯ ಬಸ್ಸು ಹತ್ತಿದೆ. ಅಕ್ಕ ಅವರೆಕಾಳು ಸಾರು ಮಾಡಿದ್ದಳು. ಟಿವಿಯ ಮುಂದೆ ಚಾಪೆ ಹಾಸಿ, ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು ಕೂತಳು. ತನ್ನನ್ನು ತಾನು ನೋಡಿಕೊಳ್ಳಲು ಹೋಗುವವರು ಹಾಗೆ ಅಣಿಯಾಗುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲನೆಯದು ಹಾಕಿದೆ. ಯಾವುದೋ ಊರಿನ ಹೆಂಗಸರು ಹಾಡಿದರು. "ಮುಂದಿನ್ದು ಇರ್ಬೇಕು" ಎಂದೆ. ಎರಡನೆಯದರಲ್ಲಿ ಒಬ್ಬ ಗಂಡಸು ಹಾರ್ಮೋನಿಯಂ ಇಟ್ಟುಕೊಂಡಿದ್ದ. ಮೂರನೆಯದರಲ್ಲಿ ಬಿಳಿ ಕೂದಲಿನ ಅಜ್ಜಿಯೊಬ್ಬಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅಕ್ಕ ಅದನ್ನು ಪೂರ್ತಿ ಕೇಳಿದಳು.

"ಈಯಮ್ಮ ಚೆನ್ನಾಗಾಡ್ತದೆ" ಎಂದಳು. "ಯಾರ್ಲಾ ಇದು?"

ನಲವತ್ತೊಂದನ್ನೂ ಹಾಕಿ ತೆಗೆದೆ. ಮಂಡ್ಯದವರಿದ್ದರು, ತುಮಕೂರಿನವರಿದ್ದರು, ಅಕ್ಕ ಒಬ್ಬಳು ಇರಲಿಲ್ಲ. ಅಂಗಳಕ್ಕೆ ಬಂದು ಮುನಿರಾಜುಗೆ ಫೋನ್ ಮಾಡಿದೆ. "ಅಯ್ಯೋ, ಆವತ್ತೇ ಅಳಿಸ್ಬುಟ್ಟೆ ಅಣ್ಣ. ಹಳೇ ಫೋನೂ ಇಲ್ಲ, ಒಡ್ದೋಯ್ತು" ಎಂದ. ಟ್ಯಾಗಿನಲ್ಲಿ ಸೋಬಾನೆ ಎಂದು ಹಾಕಿರಲಿಲ್ಲವೇನಪ್ಪ ಎಂದು ಕೇಳಿದೆ. "ಹಾಕ್ದೆ ಇರ್ತೀನಾ? ಸೋಬಾನೆ, ಮದುವೆ, ಹೊಸೂರು, ಕೃಷ್ಣಗಿರಿ, ತಮಿಳ್ನಾಡು. ಎಲ್ಲಾದಕ್ಕೂ ಇಷ್ಟ್ ಹಾಕ್ತೀನಿ ಅಣ್ಣ."

ತಮಿಳ್‌ನಾಡು. ಅದರ ಮೊದಲರ್ಧವನ್ನೇ ನಾನು ಕಂಡಲ್ಲಿ ಬಿಡು ಎಂದಿದ್ದೆ. ಬರೀ ಭಾಷೆ ಬೇಡವೆಂದು ಹೇಳಹೋಗಿ, ನಾನು ನಿಂತ ನೆಲ, ಅಂಗಡಿಯ ವಿಳಾಸ, ರೇಷನ್ ಕಾರ್ಡು, ಅಕ್ಕ, ಎಲ್ಲವನ್ನೂ ಬೇಡ ಎಂದಿದ್ದೆ. ಮಂಡ್ಯದಲ್ಲಿ ಕೂತವನು ಈ ತಪ್ಪು ಮಾಡುತ್ತಿರಲಿಲ್ಲ. ಅವನ ಅಕ್ಕಂದಿರೆಲ್ಲ ಜರಡಿಯಿಂದ ಕ್ಷೇಮವಾಗಿ ಇಳಿದು ನನ್ನ ಪೆನ್ ಡ್ರೈವಿನಲ್ಲಿ ಕೂತಿದ್ದರು.

ಒಳಗೆ ಬಂದು ಈ ವಿಚಾರವನ್ನೆಲ್ಲ ಅಕ್ಕನಿಗೆ ವಿವರಿಸಿದೆ. ತಪ್ಪು ಮಾಡಿದವನಿಗೆ ವಿವರಣೆ ಎಷ್ಟು ಚೆನ್ನಾಗಿ ಬರುತ್ತದೆ! ಟ್ಯಾಗು, ಜರಡಿ, ಕಪ್ಪು ಕಿಟಕಿ, ಲಿಂಕು ಇಲ್ಲದೆ ನಾನು ಪಟ್ಟ ಪಾಡು. 'ಲಿಂಕು' ಎಂದ ಕೂಡಲೆ ಅಕ್ಕ ನನ್ನ ಮುಖ ನೋಡಿದಳು. ತನ್ನ ಫೋನ್ ತೆಗೆದು, ನಮ್ಮ ಮನೆಯವರ ಗುಂಪು ತೆರೆದು, ಮೇಲಕ್ಕೆ ಮೇಲಕ್ಕೆ ಸರಿಸಿ ನನ್ನ ಕೈಗೆ ಕೊಟ್ಟಳು. ಮುನಿರಾಜು ಪ್ರತಿ ಸಲ ವಿಡಿಯೋ ಹಾಕಿದಾಗಲೂ ಅಕ್ಕ ಅದನ್ನು ಗುಂಪಿಗೆ ಕಳಿಸಿದ್ದಳು. ಇಪ್ಪತ್ತಮೂರು ಲಿಂಕು. ಒಂದೊಂದರ ಕೆಳಗೂ ಹಳದಿ ಬಣ್ಣದ ಒಂದು ಹೆಬ್ಬೆಟ್ಟು. ನನ್ನದೇ. ಇಪ್ಪತ್ತಮೂರು. ಒಂದನ್ನು ಒತ್ತಿ ನೋಡಿದೆ. ವಿಡಿಯೋ ಲಭ್ಯವಿಲ್ಲ ಎಂದು ಬಂತು.

"ಅಕ್ಕ, ನಾನು…"

"ಗೊತ್ತು ಕಣ್ಲಾ" ಎಂದಳು. ದನಿ ಹೊರಡಿಸಲು ಅವಳಿಗೆ ಎದೆಯಿಂದ ಎಳೆಯಬೇಕಾಗುತ್ತಿತ್ತು. "ನಾನ್ ಕಳ್ಸಿ ಇನ್ನೂ ಫೋನ್ ಕೆಳಗೆ ಮಡಗಿರ್ತಿರ್ಲಿಲ್ಲ, ನಿನ್ ಹೆಬ್ಬೆಟ್ಟು ಬಂದ್ಬುಡೋದು. ಪದ ಇರೋದು ಎಂಟು ನಿಮಿಷ. ಅಷ್ಟೂ ಲೆಕ್ಕ ಬಾರ್ದೆ ಇರೋ ಹೆಬ್ಬೆಟ್ಟೇನ್ಲಾ ನಾನು?"

ಅವಳು ಬೈದಿದ್ದರೆ ಕೂತು ಕೇಳಬಹುದಾಗಿತ್ತು. ನಕ್ಕಳು. ಸದ್ದಿಲ್ಲದ ನಗು. ಆಮೇಲೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವ ಸದ್ದಿನಲ್ಲಿ ಕಣ್ಣು ಒರೆಸಿಕೊಂಡಳೋ ಏನೋ, ನಾನು ಆ ಕಡೆ ನೋಡಲಿಲ್ಲ. ನೋಡದೆ ಇರುವುದು ನನಗೆ ರೂಢಿಯಾಗಿದೆ.

ಈಗ ಭಾನುವಾರ ಅಂಗಡಿಗೆ ಬೀಗ ಹಾಕಿ ಅಕ್ಕನ ಊರಿಗೆ ಹೋಗುತ್ತೇನೆ. ಅವಳು ಪದದ ಒಂದೊಂದು ಸಾಲನ್ನೂ ಪಿಸುದನಿಯಲ್ಲಿ ಹೇಳುತ್ತಾಳೆ, ನಾನು ಎಂಟನೇ ತರಗತಿಯ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆಯುತ್ತೇನೆ. ಬರೆದರೆ ಸಾಲದು, ಧಾಟಿ ಹಿಡಿಯಬೇಕು ಎನ್ನುತ್ತಾಳೆ. ನನ್ನ ಗಂಟಲು ಜೆರಾಕ್ಸ್ ಮಿಷಿನ್ನಿನಲ್ಲಿ ಹಾಳೆ ಸಿಕ್ಕಿಕೊಂಡ ಹಾಗೆ. ನಾನು ಹಾಡುವಾಗ ಅಕ್ಕ ತೊಡೆಯ ಮೇಲೆ ತಾಳ ಹಾಕುತ್ತ, ನಾನು ತಪ್ಪಿದ ಕಡೆಯಲ್ಲೆಲ್ಲ ತೊಡೆ ಬದಲಿಸಿ ನನ್ನ ತೊಡೆಯ ಮೇಲೆ ಹೊಡೆಯುತ್ತಾಳೆ. ನನ್ನ ಮೀಸೆಯ ಪದವನ್ನು ಹೋದ ಭಾನುವಾರ ಹೇಳಿಕೊಟ್ಟಳು. 'ಕನ್ನಡಿಗೆ ಕಂಡ ಮೀಸೆ ಅಕ್ಕನಿಗೆ ಕಾಣಲಿಲ್ಲ, ಎತ್ತ ಹೋದನೆ ನಮ್ಮ ಮದುಮಗ' ಎಂದು ಶುರುವಾಗುತ್ತದೆ. ನಾನು ಎದ್ದು ಹೋದದ್ದನ್ನೇ ಅವಳು ನಿಂತಲ್ಲೇ ಪದಕ್ಕೆ ಕಟ್ಟಿದ್ದಳು. ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅದು ನನ್ನ ಕಿವಿಗೆ ಬಿತ್ತು.

ಇಡೀ ವಾರ ಅಂಗಡಿಯಲ್ಲಿ ಅದನ್ನೇ ಅಭ್ಯಾಸ ಮಾಡಿದೆ. ಒಬ್ಬ ಗಿರಾಕಿ ಹೆದರಿ ಲ್ಯಾಮಿನೇಷನ್ ಬಿಟ್ಟು ಹೋದ. ನಿನ್ನೆ ಸಂಜೆ ಪೂರ್ತಿ ಪದವನ್ನು ಫೋನಿನಲ್ಲಿ ಹಾಡಿ, ಧೈರ್ಯ ಮಾಡಿ ಅಕ್ಕನಿಗೆ ಕಳಿಸಿದೆ. ಎಲ್ಲಿ ತಪ್ಪಿದೆ ಹೇಳು ಎಂದೂ ಬರೆದೆ. ಫೋನನ್ನು ಮೇಜಿನ ಮೇಲೆ ಇನ್ನೂ ಇಟ್ಟಿರಲಿಲ್ಲ, ಟಿಣ್ ಎಂದಿತು. ನೋಡಿದರೆ ಹಳದಿ ಹೆಬ್ಬೆಟ್ಟು.

ನಾನು ಹಾಡಿದ್ದು ಒಂಬತ್ತು ನಿಮಿಷ.