ಶಿವಲಿಂಗವ್ವನ ಆರು ಸಾವಿರ ಹೆಜ್ಜಿ

"ಈ ವರ್ಷದ ಎಳ್ಳಮಾಸಿಗೂ ಚರಗದ ಬುಟ್ಟಿ ನನ್ನ ತಲೀ ಮ್ಯಾಲನ! ಬ್ಯಾಡ ಅನ್ನೋ ಗಂಡಸರು, ಹೆಂಗಸರು ಯಾರರೆ ಇದ್ರ ಮುಂದ ಬರ್ರಿ!"

ಬೈರಿದೇವರಕೊಪ್ಪದ ಮನಿ ಪಡಸಾಲ್ಯಾಗ ಎಡಗಾಲನ್ನ ಎರಡು ದಿಂಬಿನ ಮ್ಯಾಲ ಏರಿಸಿಟ್ಟು, ಶಿವಲಿಂಗವ್ವ ಹಿಂಗ ಗುಡುಗಿದಳು. ಎದುರಿಗೆ ದಂಡು ಏನೂ ಇರಲಿಲ್ಲ. ಗಂಡ ಸಿದ್ದಲಿಂಗಪ್ಪ ಒಬ್ಬನ ಪೇಪರ್ ಓದಕೋತ ಕುಂತಿದ್ದ.

"ನಾವು ಮುಂದ ಬರೋದು ಇರಲಿ," ಅಂದ ಅಂವ, ಪೇಪರ್ ಇಳಸಲಾರದನ. "ನೀ ಮದಲ ಗ್ವಾಡಿ ಹಿಡೀಲಾರದ ಬಚ್ಚಲ ತನಕ ಹೋಗಿ ಬಾ."

ಆ ಬುಟ್ಟಿ ಅಂದ್ರ ಸಣ್ಣ ಮಾತಲ್ಲ. ಇವರ ಹೊಲ ಸುಳ್ಳ ಅನ್ನೋ ಊರಾಗ. ಎಳ್ಳಮಾಸಿ ದಿನ ಮನಿಮಂದಿಯೆಲ್ಲಾ ಬುತ್ತಿ ಕಟಗೊಂಡು ಹೊಲಕ್ಕ ಹೋಗೋದು, ಭೂಮಿತಾಯಿಗೆ ಚರಗ ಅಂತ ಎಡಿ ಚೆಲ್ಲೋದು, ಆಮ್ಯಾಲ ಬನ್ನಿಗಿಡದ ನೆರಳಾಗ ಕುಂತು ಹೊಟ್ಟಿ ಬಿರಿಯೋ ಹಂಗ ಉಣ್ಣೋದು. ಚರಗದ ಬುಟ್ಟಿ ಹಿರೇ ಸೊಸಿ ತಲೀ ಮ್ಯಾಲ ಹೋಗಬೇಕು, ನಡುವ ನೆಲಕ್ಕ ಇಳಸಬಾರದು, ಹಿಂದ ಕಿರೀ ಸೊಸಿ ನೀರಿನ ತಂಬಿಗಿ ಹಿಡಕೊಂಡು ಬರಬೇಕು. ಇದು ಆ ಮನಿತನದ ಕಟ್ಟಳಿ. ನಲವತ್ತೇಳು ವರ್ಷ ಶಿವಲಿಂಗವ್ವ ಬುಟ್ಟಿ ಹೊತ್ತಿದ್ದಳು. ನಲವತ್ತೇಳು ವರ್ಷ ನೆಗೆಣ್ಣಿ ನೀಲಗಂಗವ್ವ ತಂಬಿಗಿ ಹಿಡಿದು, ಹಿಂದಿನಿಂದ ಆ ಬುಟ್ಟೀನ ನೋಡಿದ್ದಳು.

ಕಾಲು ಮುರದದ್ದು ಹೆಂಗ ಅಂದ್ರ, ಬಂದ ಬೀಗರಿಗೆಲ್ಲಾ ಶಿವಲಿಂಗವ್ವ "ಬಚ್ಚಲದಾಗ ಜಾರಿದೆ" ಅಂತನ ಹೇಳತಿದ್ದಳು. ಖರೇ ಸಂಗತಿ ಬ್ಯಾರೇ ಇತ್ತು. ಪಂಚಮಿ ದಿನ ಸುಳ್ಳದಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ದರು. ಅರವತ್ತಾರು ವರ್ಷದ ಈಕಿ, "ನಾ ನಿಂತ ಜೀಕತೇನಿ" ಅಂದಳು. ನೀಲಗಂಗವ್ವ "ಬ್ಯಾಡ ಯಕ್ಕಾ" ಅಂದದ್ದ ತಪ್ಪಾತು. ಬ್ಯಾಡ ಅಂದದ್ದನ್ನ ಮಾಡಿ ತೋರಸೋದು ಶಿವಲಿಂಗವ್ವನ ಹುಟ್ಟುಗುಣ. ಜೋಕಾಲಿ ಮುಗಿಲ ಮುಟ್ಟಿತು, ಶಿವಲಿಂಗವ್ವ ನೆಲಾ ಮುಟ್ಟಿದಳು! ಹಿಮ್ಮಡದ ಎಲುಬು ಮೂರು ಹೋಳು. ಒಳಗ ಒಂದು ಪಟ್ಟಿ, ಏಳು ಸ್ಕ್ರೂ. "ನನ್ನ ಕಾಲಾಗ ಒಂದು ಹಾರ್ಡವೇರ್ ಅಂಗಡೀನ ಐತಿ" ಅಂತ ಅದನ್ನೂ ದೊಡ್ಡಸ್ತಿಕಿಲೆ ಹೇಳಕೊಂಡಳು.

ನಾಲ್ಕು ತಿಂಗಳು ಕಳದವು. ಕಾಲಿನ ವ್ಯಾಯಾಮ ಮಾಡಸಾಕ ಮನಿಗೆ ಬರತಿದ್ದ ಶಾನವಾಜ ಒಂದಿನ ಕಾಲಿನ ಎಕ್ಸರೇ ಫೋಟೋ ಬೆಳಕಿಗೆ ಹಿಡಿದು ನೋಡಿ ಹೇಳಿದ: "ಅಮ್ಮಾರ, ಎಲುಬು ಪೂರಾ ಕೂಡೇತ್ರಿ. ಇನ್ನ ಕೂಡಬೇಕಾದದ್ದು ಧೈರ್ಯ ಒಂದ."

ಅಂವ ಹೇಳಿದ್ದು ಖರೇನ. ಎಡಗಾಲು ನೆಲಕ್ಕ ಊರಬೇಕು ಅನ್ನೋದ್ರಾಗ ಶಿವಲಿಂಗವ್ವಗ ಆ ಜೋಕಾಲಿ ಕಣ್ಣ ಮುಂದ ಬರತಿತ್ತು, ಕೈ ತಾನ ಗ್ವಾಡಿ ಹುಡಕತಿತ್ತು. ಅದನ್ನ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ ಆಕಿ. ಊರಿಗೆಲ್ಲಾ ಎದಿ ತಟ್ಟಿ ಹೇಳಿದಾಕಿ ಈಗ ಅಂಜಿಕಿ ಅಂದ್ರ ಹೆಂಗ?

ಸೊಸಿ ಸೌಮ್ಯಾ ಒಂದು ವಾಚ್ ತಂದು ಅತ್ತಿ ಬಲಗೈಗೆ ಕಟ್ಟಿದಳು.

"ಅತ್ತೀ, ಇದು ಹೆಜ್ಜಿ ಎಣಸತೈತ್ರಿ. ದಿನಾ ಮೂರು ಸಾವಿರ, ಹದಿನೈದು ದಿನಾ. ಅಷ್ಟು ನಡದ್ರ ಬುಟ್ಟಿ ನಿಮ್ಮದು. ಇಲ್ಲಂದ್ರ ಈ ವರ್ಷ ಸಣ್ಣತ್ತಿ ಹೊರತಾರ."

"ಯಾರು, ನೀಲಿ? ಆಕಿ ಓಲಾಡಕೋತ ನಡದ್ರ ಬುಟ್ಟ್ಯಾಗಿನ ಪುಂಡಿಪಲ್ಲೆ ಹಾದಿಗುಂಟ ಚರಗ ಆಗತೈತಿ! ಕಟ್ಟ ವಾಚ್!"

ಮದಲನೇ ದಿನ ಗ್ವಾಡಿ ಹಿಡಿದು ಪಡಸಾಲಿ ಅಳದದ್ದು ನೂರಾ ನಲವತ್ತಾರು ಹೆಜ್ಜಿ. ಅದರಾಗ ಹತ್ತು ಸಿದ್ದಲಿಂಗಪ್ಪನ ಕಾಲ ತುಳದದ್ದು.

ಮರುದಿನ ಸೌಮ್ಯಾ ಆಫೀಸಿಗೆ ಹೋದಳು, ಸಿದ್ದಲಿಂಗಪ್ಪ ಗುಡಿ ಕಟ್ಟಿಗೆ ಹೋದ. ಎಳ್ಳಮಾಸಿಗೆ ಕಡಕ್ ರೊಟ್ಟಿ ಆಗಬೇಕಲ್ಲಾ ಅಂತ ಶಿವಲಿಂಗವ್ವ ಅಡಗಿಮನ್ಯಾಗ ಎತ್ತರದ ಸ್ಟೂಲ್ ಮ್ಯಾಲ ಕುಂತು, ಸಜ್ಜಿ ಹಿಟ್ಟು ನಾದಿ, ಟಪಟಪ ರೊಟ್ಟಿ ಬಡ್ಯಾಕ ಹತ್ತಿದಳು. ಐವತ್ತನೇ ರೊಟ್ಟಿ ಹಂಚಿಗೆ ಬೀಳೋ ಹೊತ್ತಿಗೆ ಕೈಯಾಗಿನ ವಾಚ್ ಗುರ್ ಅಂತ ನಡುಗಿತು! ನೋಡಿದ್ರ ಮೂರು ಸಾವಿರ ಆತಂತ ಒಳಗ ಪಟಾಕ್ಷಿ ಹಾರಾಕತ್ತಾವು!

"ಅಯ್ಯ, ಸುಡಾಕತ್ತೇತೇನವಾ ಇದು!" ಅಂತ ಕೈ ಝಾಡಿಸಿದಳು. ಝಾಡಿಸಿದ್ದಕ್ಕ ಇನ್ನ ನಾಲ್ಕು ಹೆಜ್ಜಿ ಏರಿದವು.

ಸಂಜಿಗೆ ಸೌಮ್ಯಾ ವಾಚ್ ನೋಡಿ ಕಣ್ಣು ಅರಳಿಸಿದಳು. "ಅತ್ತೀ! ಮೂರು ಸಾವಿರದ ಅರವತ್ತು! ಅದ್ಹೆಂಗ್ರಿ?"

ಖರೇ ಹೇಳಬೇಕಂತ ಶಿವಲಿಂಗವ್ವ ಬಾಯಿ ತೆರದಳು. ಹೊರಗ ಬಂದದ್ದು ಮಾತ್ರ ಬ್ಯಾರೇ. "ಮನಸ್ಸು ಮಾಡಿದ್ರ ಏನಾಗಂಗಿಲ್ಲ?"

ಹಂಗ ಶುರು ಆತು. ಕಾಲಿನ ಕೆಲಸಾನ ಕೈಗೆ ವಹಿಸಿ, ಶಿವಲಿಂಗವ್ವ ದಿನಾ ಸ್ಟೂಲ್ ಮ್ಯಾಲ ಕುಂತು ಊರು ಸುತ್ತತಿದ್ದಳು! ಹೊಲದ ಹಾದೀದೇನೂ ಚಿಂತಿ ಇರಲಿಲ್ಲ. ಐದಾರು ವರ್ಷದಿಂದ ಬದುವಿನ ತನಕ ಟ್ರ್ಯಾಕ್ಟರ್ ಹೋಗತಿತ್ತು, ಬುಟ್ಟೀನೂ ಅದರಾಗ. ಅಲ್ಲಿಂದ ಬನ್ನಿಗಿಡಕ್ಕ ಇಪ್ಪತ್ತು ಹೆಜ್ಜಿ. ಇಪ್ಪತ್ತು ಹೆಂಗರೆ ಹಲ್ಲು ಕಚ್ಚಿ ಹಾಕಿದ್ರಾತು ಅಂತ ಆಕಿ ಹಂಚಿಕಿ.

ಆದ್ರ ಹೊಗಳಿಕಿ ಅನ್ನೋದು ಕೆಟ್ಟದ್ದು ನೋಡ್ರಿ. ಮೂರು ಸಾವಿರಕ್ಕ ಸೌಮ್ಯಾ ಚಪ್ಪಾಳಿ ಹೊಡದಳು. ನಾಕು ಸಾವಿರಕ್ಕ ಶಾನವಾಜ ಕೈ ಮುಗದ. ಐದು ಸಾವಿರಕ್ಕ ಬೀಗರ ಗ್ರೂಪಿನ್ಯಾಗ ಫೋಟೋ ಬಂತು. ಆರು ಸಾವಿರದ ದಿನ ಶಾನವಾಜ, "ಅಮ್ಮಾರ, ನನ್ನ ಬ್ಯಾರೇ ಪೇಶಂಟ್ ಮಂದಿಗೆ ಎರಡು ಮಾತು ಹೇಳ್ರಿ" ಅಂತ ಮೊಬೈಲ್ ಹಿಡದ. ಶಿವಲಿಂಗವ್ವ ಸೆರಗು ಸರಿ ಮಾಡಕೊಂಡು, "ನಡೀರಿ! ಕುಂತ್ರ ಕೆಟ್ಟಿರಿ!" ಅಂತ ಕುಂತ ಹೇಳಿದಳು!

ಆರು ಸಾವಿರ ಅಂದ್ರ ನೂರು ರೊಟ್ಟಿ. ದಿನಾ ನೂರು ರೊಟ್ಟಿ ಎಲ್ಲಿ ಇಡೋದು? ಡಬ್ಬಿ ತುಂಬಿದವು. ಟ್ರಂಕ್ ತುಂಬಿತು. ದಿಂಬಿನ ಚೀಲದಾಗ ರೊಟ್ಟಿ, ಸೌಮ್ಯಾನ ರೇಷ್ಮಿ ಸೀರಿ ನಡುವ ರೊಟ್ಟಿ! ಮುಂಜಾನಿ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜಿ ಚಾದಾಗೂ ರೊಟ್ಟಿ.

"ಏ ಶಿವಲಿಂಗಿ," ಅಂದ ಸಿದ್ದಲಿಂಗಪ್ಪ, ಕಟ್ಟಿಸಿದ ಹಲ್ಲು ಕೈಯಾಗ ಹಿಡಕೊಂಡು, "ಈ ಹಲ್ಲಿನ ಸೆಟ್ ಹೊಸಾದು. ಅದಕ್ಕೂ ಒಂದು ಜೀವ ಐತಿ ಅಂತ ತಿಳಕೊ."

"ಹಬ್ಬಕ್ಕ ಬೇಕಾಗತಾವ್ರೀ!"

"ಹಬ್ಬಕ್ಕೋ, ದಂಡಿಗೋ?"

ಪೆಟ್ಟು ಬಿದ್ದದ್ದು ಬಾಜೂ ಮನಿಗೂ. ಅಲ್ಲಿ ರಿಟೈರ್ ಆದ ಹೆಡ್ ಮಾಸ್ತರ ಬಾಳಕೃಷ್ಣ, ಅವರ ಹೆಂಡತಿ ಕಾಶೀಬಾಯಿ. ಮಾಸ್ತರು ಆರಾಮ ಕುರ್ಚಿ ಬಿಟ್ಟು ಏಳೋರಲ್ಲ. ಗ್ವಾಡಿ ಆಚಿಂದ ದಿನಾ ಕಾಶೀಬಾಯಿ ಧ್ವನಿ ಕೇಳತಿತ್ತು: "ಶಿವಲಿಂಗವ್ವ ಮುರದ ಕಾಲಲೆ ಆರು ಸಾವಿರ ನಡೀತಾರ! ನಿಮಗ ಎರಡೂ ಕಾಲು ನೆಟ್ಟಗವ. ಏಳ್ರಿ, ನಡೀರಿ!" ಪಾಪ, ಮಾಸ್ತರು ಟೋಪಿ ಹಾಕ್ಕೊಂಡು ಕಂಪೌಂಡ್ ಸುತ್ತತಿದ್ದರು. ಅಡಗಿಮನಿ ಕಿಡಕಿಂದ ಶಿವಲಿಂಗವ್ವಗ ಅವರ ಟೋಪಿ ಅಷ್ಟ ಕಾಣತಿತ್ತು, ಬರೋದು, ಹೋಗೋದು. ರೊಟ್ಟಿ ಬಡೀತಿದ್ದ ಕೈ ಒಮ್ಮೊಮ್ಮೆ ನಾಚಿ ನಿಂತು, ಮತ್ತ ಶುರು ಆಗತಿತ್ತು.

ಎಳ್ಳಮಾಸಿ ಬಂತು. ಮಗ ಅಮರೇಶ ಕಾರಿನ್ಯಾಗ ಎಲ್ಲಾರನೂ ಸುಳ್ಳಕ್ಕ ಕರಕೊಂಡು ಹೋದ. ಡಿಕ್ಕಿ ತುಂಬ ರೊಟ್ಟಿ. ಊರ ಅಂಚಿನ್ಯಾಗ ಟ್ರ್ಯಾಕ್ಟರ್ ತಯಾರ ನಿಂತಿತ್ತು. ಶಿವಲಿಂಗವ್ವ ಅದರ ಕಡೆ ಹೊಂಟಳು.

"ಯಕ್ಕಾ, ಎಲ್ಲಿಗೆ?" ಅಂತ ಹಾದಿಗೆ ಅಡ್ಡ ನಿಂತಾಕಿ ನೀಲಗಂಗವ್ವ. ಹೊಸಾ ಇಳಕಲ್ ಸೀರಿ, ಕೈಯಾಗ ತಂಬಿಗಿ. "ನೀ ಗ್ರೂಪಿನ್ಯಾಗ ಬಂದದ್ದೆಲ್ಲಾ ನೋಡೇನಿ. ಆರು ಸಾವಿರದಾಕಿ ಟ್ರ್ಯಾಕ್ಟರ್ ಏರೋದೇನು! ಈ ವರ್ಷ ಹಳೇ ಕಾಲದಂಗ ನಡಕೋತನ ಹೋಗೂಣು. ಒಂದು ಮೈಲು ಹಾದಿ, ನಿನಗದು ಯಾವ ಲೆಕ್ಕ?"

ಎಲ್ಲಾರೂ "ಹೌದ್ ಹೌದ್" ಅಂದರು. ಸೌಮ್ಯಾ ಅಂತೂ ಕುಣದಾಡಿದಳು. ಬುಟ್ಟಿ ತಂದು ತಲೀ ಮ್ಯಾಲ ಇಟ್ಟರು. ಏನು ಭಾರ ಅಂತೀರಿ! ಕುಂತು ಕುಂತು ಬಡದ ರೊಟ್ಟಿಯೆಲ್ಲಾ ಈಗ ಒಟ್ಟಿಗೆ ನೆತ್ತಿ ಮ್ಯಾಲ ಕುಂತು ಸೇಡು ತೀರಿಸಿಕೊಳ್ಳಾಕತ್ತಿದ್ದವು. ಟ್ರ್ಯಾಕ್ಟರ್ ಗಡಗಡ ಅಂತ ಎಲ್ಲಾರನೂ ಹೊತಗೊಂಡು ಹೋಗಿಬಿಟ್ಟಿತು.

ಉಳದವರು ಇಬ್ಬರು ನೆಗೆಣ್ಣೇರು, ಒಂದು ಬುಟ್ಟಿ, ಒಂದು ತಂಬಿಗಿ. ಮುಂದ ಎರಿಮಣ್ಣಿನ ಹಾದಿ, ಎತ್ತಿನ ಗೊರಸು ಮೂಡಿದ ತಗ್ಗು ದಿನ್ನಿ. ಶಿವಲಿಂಗವ್ವ ಎರಡೂ ಕೈಲೆ ಬುಟ್ಟಿ ಗಟ್ಟಿ ಹಿಡಕೊಂಡು ಬಲಗಾಲು ಇಟ್ಟಳು. ಎಡಗಾಲು ಬರಲಿಲ್ಲ.

"ನಡೀ ಯಕ್ಕಾ. ಯಾಕ ನಿಂತಿ?"

"ನೀಲಿ... ನನಗ ಅಂಜಿಕಿ ಬರಾಕತ್ತೇತಿ."

"ಆರು ಸಾವಿರದಾಕಿಗೆ ಅಂಜಿಕಿ?"

"ಅವು ಹೆಜ್ಜಿ ಅಲ್ಲ," ಅಂದಳು ಶಿವಲಿಂಗವ್ವ, ಕಣ್ಣಾಗ ನೀರು ತಂದು. "ಎಲ್ಲಾ ರೊಟ್ಟೀವು! ವಾಚ್ ಕಟಗೊಂಡು ರೊಟ್ಟಿ ಬಡದೇನಿ. ಪಂಚಮಿಂದ ಇಲ್ಲಿಗೆ ಗ್ವಾಡಿ ಬಿಟ್ಟು ನಾ ಹತ್ತು ಹೆಜ್ಜಿ ನಡದಿಲ್ಲವಾ!"

ನೀಲಗಂಗವ್ವ ನಗಾಕ ಹತ್ತಿದಳು ನೋಡ್ರಿ! ತಂಬಿಗಿ ನೀರೆಲ್ಲಾ ಚೆಲ್ಲಿ ಇಳಕಲ್ ಸೀರಿ ತೊಯ್ತು. ಬದುವಿನ ಮ್ಯಾಲ ಕುಂತು ನಕ್ಕಳು, ಎದ್ದು ನಿಂತು ನಕ್ಕಳು.

"ನಗ, ನಗ! ನಕ್ಕಾದ ಮ್ಯಾಲ ಬುಟ್ಟಿ ನೀನ ಹೊರು. ನಲವತ್ತೇಳು ವರ್ಷದಿಂದ ಅದರ ಮ್ಯಾಲ ಕಣ್ಣ ಇಟ್ಟೀಯಲ್ಲಾ."

ನೀಲಗಂಗವ್ವನ ನಗು ಗಪ್ಪನ ನಿಂತಿತು. ಬುಟ್ಟಿ ನೋಡಿದಳು, ಯಕ್ಕನ ಕಾಲು ನೋಡಿದಳು. ಸೆರಗಲೆ ಕಣ್ಣು ಒರಸಿಕೊಂಡು ಬಾಜೂಕ ಬಂದು ನಿಂತಳು.

"ಹಿಂಗ ಅಳಕೋತ ಕೊಡೋ ಬುಟ್ಟಿ ನನಗ ಬ್ಯಾಡ. ಕೈಲೆ ಮಾಡಿದ್ದನ್ನ ಈಗ ಕಾಲಲೆ ಮಾಡು. ರೊಟ್ಟಿ ಬಡೀತೀ ಅಂತ ತಿಳಕೊ. ಹಿಟ್ಟಿಗೆ ಕೈ ಹೆಂಗ ಇಡತೀ, ಹಗೂರಕ, ಹಂಗ ಕಾಲ ಇಡು. ಟಪ್. ಹಾಂ. ಇನ್ನೊಂದು. ಟಪ್."

ಟಪ್. ಎಡಗಾಲು ನೆಲಾ ಮುಟ್ಟಿತು. ನೆಲಾ ಅಲ್ಲೇ ಇತ್ತು, ಓಡಿ ಹೋಗಲಿಲ್ಲ.

ನೀಲಗಂಗವ್ವ ಎಣಸಾಕ ಹತ್ತಿದಳು. ಅರವತ್ತಕ್ಕ "ಇಗಾ, ಒಂದು ರೊಟ್ಟಿ ಆತು" ಅನ್ನೋದು, ಮತ್ತ ಒಂದರಿಂದ ಶುರು ಮಾಡೋದು. ಹತ್ತು ರೊಟ್ಟಿ ದೂರ ಹೋಗೋದ್ರಾಗ ಶಿವಲಿಂಗವ್ವನ ಬೆವರು ಇಳಿದು ಕುಂಕುಮ ಮೂಗಿಗೆ ಬಂತು. ಇಪ್ಪತ್ತಕ್ಕ ಬಾಯಿ ಬಂತು: "ನೀಲಿ, ನಿನ್ನ ಲೆಕ್ಕದಾಗ ಒಂದು ರೊಟ್ಟಿ ಕಡಿಮಿ ಆತು!" ನಲವತ್ತಕ್ಕ ಬನ್ನಿಗಿಡ ಕಂಡಿತು. ಬುಟ್ಟಿ ಒಮ್ಮೆನೂ ಇಳೀಲಿಲ್ಲ, ಆಕಿ ಒಮ್ಮೆನೂ ಬೀಳಲಿಲ್ಲ.

ಗಿಡದ ಬುಡಕ ಬುಟ್ಟಿ ಇಳಿಸಿದ ಶಿವಲಿಂಗವ್ವ ಯುದ್ಧ ಗೆದ್ದ ಬಂದ ರಾಣಿ ಹಂಗ ನಿಂತಳು! ಬಲಗೈ ಮುಂದ ಚಾಚಿದಳು. "ಸೌಮ್ಯಾ, ನೋಡವಾ ವಾಚ್! ಎಲ್ಲಾರಿಗೂ ಕೇಳೋಹಂಗ ಓದು!"

ಸೌಮ್ಯಾ ನೋಡಿದಳು. ಒರಸಿ ನೋಡಿದಳು.

"ಅತ್ತೀ... ಹತ್ತೊಂಬತ್ತು."

"ಹತ್ತೊಂಬತ್ತು ಸಾವಿರ?"

"ಬರೇ ಹತ್ತೊಂಬತ್ತು ಹೆಜ್ಜಿ ರಿ."

ಬುಟ್ಟಿ ಹಿಡದ ಕೈ ಮೈಲು ಹಾದಿಗುಂಟ ಅಲುಗಾಡಿರಲಿಲ್ಲ. ಕೈ ಅಲುಗಾಡಲಾರದ ಆ ಹಾಳ ವಾಚಿಗೆ ಏನ್ ತಿಳೀಬೇಕು?

"ಹಿಂದಿಂದ ಯಾರದರೆ ಬೈಕ್ ಸಿಕ್ಕಿತ್ತೇನ?" ಅಂದ ಸಿದ್ದಲಿಂಗಪ್ಪ, ತಣ್ಣಗ.

"ನಡಕೋತ ಬಂದೇನ್ರೀ! ನನ್ನ ಕಾಲಿನ ಆಣಿ! ನೀಲೀ, ಹೇಳ!"

ನೀಲಗಂಗವ್ವ ಆಕಾಶ ನೋಡಿದಳು. "ವಾಚ್ ಸುಳ್ಳ ಹೇಳತೈತೇನ ಯಕ್ಕಾ? ಹದಿನೈದು ದಿನ ಖರೇ ಹೇಳೇತಿ."

ಇನ್ನೇನು ಉಳೀತು? ಖರೇ ನಡದದ್ದು ನಂಬಸಬೇಕಂದ್ರ ಸುಳ್ಳ ನಡದದ್ದು ಒಪ್ಪಬೇಕು. ಶಿವಲಿಂಗವ್ವ ಬನ್ನಿಗಿಡದ ಬುಡಕ ನಿಂತು, ಭೂಮಿತಾಯಿ ಸಾಕ್ಷಿಯಾಗಿ, ಸ್ಟೂಲು, ಸಜ್ಜಿ ಹಿಟ್ಟು, ಪಟಾಕ್ಷಿ ಎಲ್ಲಾ ಹೇಳಿಬಿಟ್ಟಳು. ಆಗ ನೀಲಗಂಗವ್ವ ಸಾಕ್ಷಿ ನುಡದಳು: "ಅವು ಸುಳ್ಳ, ಇವತ್ತಿಂದು ಖರೇ. ನಲವತ್ತೆರಡು ರೊಟ್ಟಿ ದೂರ ನಡದಾಳ, ನಾ ಎಣಿಸೇನಿ."

ಹೊಲದಾಗ ಎದ್ದ ನಗು ಕೇಳಿ ಬೆಳ್ಳಕ್ಕಿ ಹಾರಿಹೋದವು. ಸಿದ್ದಲಿಂಗಪ್ಪ ಹಲ್ಲು ತಗದು ಕಿಸೇದಾಗ ಇಟಗೊಂಡ. "ಹಂಗಾದ್ರ ಇಷ್ಟು ದಿನ ನಾ ತಿಂದದ್ದು ನಿನ್ನ ಹೆಜ್ಜಿ!"

ಮನಿಗೆ ಬಂದ ಮರುದಿನ ಮುಂಜಾನೆ ಶಾನವಾಜ ವಾಚ್ ಬಿಚ್ಚಿ ಅಮ್ಮಾರ ಎಡಗಾಲಿನ ಹರಡಿಗೆ ಕಟ್ಟಿದ. ಶಿವಲಿಂಗವ್ವ ತಾನ ಕಾಲು ಚಾಚಿದಳು. ಸುದ್ದಿ ರಾತ್ರಿನ ಗ್ವಾಡಿ ಹಾರಿತ್ತು ಅಂತ ಆಕಿಗೆ ಗೊತ್ತಾದದ್ದು ಬಾಗಲ ಬಡದಾಗ.

ಬಾಗಲದಾಗ ಬಾಳಕೃಷ್ಣ ಮಾಸ್ತರು. ಅಂಗಿ ತೋಳು ಮೊಣಕೈ ತನಕ ಮಡಚಿದ್ದರು. ಮಣಿಕಟ್ಟಿನ್ಯಾಗ ಹೊಸಾ ವಾಚ್. ತಮ್ಮ ಟೋಪಿ ತಗದು ಶಿವಲಿಂಗವ್ವನ ಕೈಯಾಗ ಇಟ್ಟರು.

"ಶಿವಲಿಂಗವ್ವಾರ, ಹದಿನೈದು ದಿನ ನಿಮ್ಮ ಹೆಸರಿನ ಮ್ಯಾಲ ನಾ ಕಂಪೌಂಡ್ ಸುತ್ತೀನಿ. ಅಂಗಾಲಾಗ ಗುಳ್ಳಿ ಎದ್ದಾವ. ಇವತ್ತಿಂದ ನೀವು ನಡೀರಿ," ಅಂತ ಅಡಗಿಮನಿ ಕಡೆ ಹೊಂಟರು. "ಹಿಟ್ಟು ಎಲ್ಲೆ ಅದ? ನಾ ಕೂತು ಬಡೀತೀನಿ."