ನೀಲಾಂಬಿಕೆಯು ರ‍್ಯಾಂಕ್-ಸಮರವನ್ನು ಗೆದ್ದುದು

ಎಲೈ ಅಕ್ಷರಾಧಿದೇವತೆಯೇ, ತಾಳೆಗರಿಯ ಕಾಲದಿಂದ ಕೀಲಿಮಣೆಯ ಕಾಲದವರೆಗೆ ಬರೆಯುವವರ ಬೆರಳುಗಳಲ್ಲಿ ನೆಲೆಸಿರುವವಳೇ, ಈ ಕಥೆ ಹೇಳುವವನ ನಾಲಗೆ ತೊದಲದಂತೆ ಕಾಯು! ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುದಿನ, ಮೇ ತಿಂಗಳ ಪ್ರಚಂಡಮಾರ್ತಾಂಡನು ಗದಗ ಪಟ್ಟಣದ ಮಾಳಿಗೆಗಳನ್ನು ಕಾಯಿಸುತ್ತಿರಲು, ಸಹಸ್ರಪ್ರಶ್ನಶರವರ್ಷಸಹಿಷ್ಣುವೂ, ಪ್ರತ್ಯುತ್ತರಪ್ರದಾನಧುರಂಧರೆಯೂ, ಪಾಲಿಟೆಕ್ನಿಕ್ಕಿನ ನಿವೃತ್ತ ಪ್ರಯೋಗಶಾಲಾಬೋಧಕಿಯೂ ಆದ ನೀಲಾಂಬಿಕಾ ಹಡಗಲಿಮಠ ಎಂಬ ವೀರಾಂಗನೆಯು ಎದುರಿಸಿದ ಘೋರಸಂಗ್ರಾಮವನ್ನು ಹೇಳುತ್ತೇನೆ, ಕೇಳಿ.

ಲಿಪಿದೋಣಿ ಎಂಬುದು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವ ಒಂದು ಉಚಿತ ತಂತ್ರಾಂಶ. ಅದನ್ನು ಬಳಸುವ ಒಂಬೈನೂರು ಮಂದಿಗೆ ಒಂದು ಮೇಲಿಂಗ್ ಲಿಸ್ಟ್. ಅಲ್ಲಿ ಒಬ್ಬರು ಕೇಳಿದ್ದು ಒಂಬೈನೂರು ಮಂದಿಗೂ ಹೋಗುತ್ತಿತ್ತು; ಒಬ್ಬರು ಬೈದದ್ದೂ ಒಂಬೈನೂರು ಮಂದಿಗೂ ಹೋಗುತ್ತಿತ್ತು. ಆ ಪಟ್ಟಿಯ ಮೇಲ್ವಿಚಾರಣೆಯೆಂಬ ಮುಳ್ಳಿನ ಕಿರೀಟವನ್ನು ನೀಲಾಂಬಿಕೆ ಆರು ವರ್ಷಗಳಿಂದ ನಗುನಗುತ್ತಲೇ ಧರಿಸಿದ್ದಳು.

ಬೆಳಿಗ್ಗೆ ಏಳಕ್ಕೆ ಮೊದಲ ಬಾಣ ಮುಂಡರಗಿಯಿಂದ ಬಂತು. ಬಿಟ್ಟವನು ಫ್ಲೆಕ್ಸ್ ಬ್ಯಾನರ್ ಅಂಗಡಿಯವನು. ‘ರ್ಯಾಂಕ್ ಅಂತ ಹೊಡದ್ರ ರ ಹೋಗಿ ಹಿಂದ ಕುಂದ್ರತೈತಿ. ಏನ್ ಮಾಡ್ಬೇಕ್ರಿ? ಅರ್ಜೆಂಟ್.’ ಅಯ್ಯೋ, ಪದದ ತಲೆಯಲ್ಲಿ ಸಿಂಹದಂತೆ ನಿಲ್ಲಬೇಕಾದ ರಕಾರವು, ತನ್ನ ಪೀಠವನ್ನು ಯಕಾರಕ್ಕೆ ಬಿಟ್ಟುಕೊಟ್ಟು, ತಾನು ಅರ್ಕಾವೊತ್ತಿನ ಕೊಕ್ಕೆಯಾಗಿ ಬಾಲದಲ್ಲಿ ಜೋತುಬೀಳುವ ದುರ್ದೆಸೆ! ನೀಲಾಂಬಿಕೆ ಅವಸರಕ್ಕೆ ಅವನೊಬ್ಬನಿಗೇ ಉತ್ತರಿಸಿದಳು. ಏಳೂವರೆಗೆ ಅದೇ ಪ್ರಶ್ನೆ ರೋಣದಿಂದ. ಎಂಟಕ್ಕೆ ಲಕ್ಷ್ಮೇಶ್ವರ, ಕುಷ್ಟಗಿ, ಹರಪನಹಳ್ಳಿ. ಯಾವ ಊರಿನಲ್ಲಿ ಯಾವ ಮಗು ಚೆನ್ನಾಗಿ ಓದಿತ್ತೋ ಆ ಊರಿನಿಂದೆಲ್ಲ ‘ಅರ್ಜೆಂಟ್’ ಎಂಬ ಧ್ವಜ ಹಾರಿಸಿಕೊಂಡು ಅದೇ ಪ್ರಶ್ನೆ ಬಂತು. ಒಂಬತ್ತರ ಹೊತ್ತಿಗೆ ಎಂಬತ್ತಾಗಿತ್ತು.

ಆಗ ರಣರಂಗಕ್ಕೆ ಇಳಿದವನು ಪುನಃಪ್ರಶ್ನಕುಲಕುಠಾರನೆಂದು ತನ್ನನ್ನು ತಾನೇ ಕರೆದುಕೊಂಡಿದ್ದ ಕೊಪ್ಪಳದ ಷಡಕ್ಷರಪ್ಪ ಕವಲೂರ. ಮೂವತ್ತು ವರ್ಷ ಸನ್ಮಾನಪತ್ರಗಳನ್ನು ಟೈಪಿಸಿದ ಕೈ. ಬೈಯುವಾಗಲೂ ಗ್ರಾಂಥಿಕ ಬಿಡದು.

‘ಕೇಳಿರೈ ನವಾಗತರೇ! ಹದಿನಾಲ್ಕು ಸಂವತ್ಸರಗಳಿಂದ ಈ ಪಟ್ಟಿಯನ್ನು ಕಾಯುತ್ತಿರುವ ನಾನು, ಹಳೆಯ ಪತ್ರಭಂಡಾರವನ್ನು ಶೋಧಿಸದೆ ಕೇಳಿದ ಒಂದೇ ಒಂದು ಪ್ರಶ್ನೆಯನ್ನೂ ಕ್ಷಮಿಸಿದವನಲ್ಲ! ಶೋಧಿಸಿರಿ! ಶೋಧಿಸಲಾರದವರು ಲೇಖನವೃತ್ತಿಯನ್ನೇ ತ್ಯಜಿಸಿರಿ!’

ಈ ಸಿಂಹನಾದವನ್ನು ಅವನು ಎಂಬತ್ತು ಮಂದಿಗೂ ಬೇರೆಬೇರೆಯಾಗಿ ಕಳಿಸಿದ. ಹೆದರಿದವರು ಕ್ಷಮೆ ಕೇಳಿ ಬರೆದರು, ಹೆದರದವರು ತಿರುಗಿ ಬೈದು ಬರೆದರು, ಇನ್ನು ಕೆಲವರು ‘ನನ್ನ ಹೆಸರು ತೆಗೀರಿ’ ಎಂದು ಬರೆದರು. ಹತ್ತು ಗಂಟೆಗೆ ನೀಲಾಂಬಿಕೆಯ ಪೆಟ್ಟಿಗೆಯಲ್ಲಿ ಮುನ್ನೂರ ಹನ್ನೆರಡು ಪತ್ರಗಳಿದ್ದವು. ಅವಳಿಗೆ ಮೊದಲು ನಗು ಬಂತು. ಆಮೇಲೆ ಫೋನ್ ಬಂತು.

“ಮೇಡಂ, ನಾನು ರೇಷ್ಮಾ ಮುಲ್ಲಾ, ವಿಜಯಪುರದ ಅಂಧ ಮಕ್ಕಳ ಶಾಲೆ ಟೀಚರ್. ಮುಂಜಾನಿಂದ ಮೂರು ಸಲ ಬರದೇನ್ರಿ, ಒಬ್ರೂ ಉತ್ತರ ಕೊಡವಲ್ರು. ನಿನ್ನೆ ಲಿಪಿದೋಣಿ ಹೊಸಾದು ಹಾಕಿದ್ವಿ. ಅವಾಗಿಂದ ಕಂಪ್ಯೂಟರ್ ಅಕ್ಷರ ಓದಿ ಹೇಳೂದ ಬಿಟ್ಟೈತಿ. ಒತ್ತಿದ್ದು ಕೇಳಿಸದಿದ್ರ ನಮ್ಮ ಮಕ್ಕಳಿಗೆ ಏನ್ ಬರದ್ವಿ ಅಂತ ಹೆಂಗ ತಿಳೀಬೇಕ್ರಿ? ನಾಳೆ ಹನ್ನೊಂದು ಮಂದಿಗೆ ಟೈಪಿಂಗ್ ಪರೀಕ್ಷಾ ಐತಿ.”

ನೀಲಾಂಬಿಕೆಯ ಮುಖ ಬಿಸಿಯಾಯಿತು. ಆ ಮೂರು ಪತ್ರಗಳನ್ನು ಅವಳು ಕಂಡೇ ಇರಲಿಲ್ಲ. “ಸಂಜೀ ಒಳಗ ಮಾಡಿ ಕೊಡ್ತೀನವ್ವಾ” ಎಂದು ಮಾತು ಕೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ನೇರವಾಗಿ ಕೊಪ್ಪಳಕ್ಕೆ ಫೋನ್ ಹಚ್ಚಿದಳು.

“ಷಡಕ್ಷರಪ್ಪನವರ, ಬೈಯೂದು ನಿಲ್ಲಸ್ರಿ.”

“ನಿಲ್ಲಸಲೆ? ಅಕ್ಕಾರ, ಈ ಪಟ್ಟಿಯ ಶಿಸ್ತಿಗಾಗಿ ಪ್ರಾಣವನ್ನೇ ಪಣವಾಗಿ...”

“ನಿಮ್ಮ ಪ್ರಾಣ ನೀವ ಇಟ್ಕೊಳ್ರಿ. ನಿಮ್ಮ ಬೈಗುಳದ ರಾಶಿ ಕೆಳಗ ವಿಜಯಪುರದ ಒಬ್ಬ ಟೀಚರ್ ಕೂಗಿದ್ದು ನನಗ ಕೇಳಲಿಲ್ಲ. ಹನ್ನೊಂದು ಕಣ್ಣಿಲ್ಲದ ಮಕ್ಕಳು ನಾಳೆ ಪರೀಕ್ಷಾಕ್ಕ ಕುಂದ್ರಬೇಕು. ಉತ್ತರ ಎರಡು ಸಾಲು ಐತಿ. ಬೈಯೂ ಬದಲಿ ಅದನ್ನ ಹೇಳಿದ್ರ ಏನಾಗ್ತಿತ್ತು?”

ಆ ಕಡೆಯಿಂದ ಮಹಾರಥಿಯ ದನಿ ಕುಗ್ಗಿ ಬಂತು.

“ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಆ ಹಳೇ ಪತ್ರ ನಾನೂ ಭಾಳ ಹುಡುಕೀನಿ. ಸಿಕ್ಕಿಲ್ಲ. ಉತ್ತರ ನನಗೂ ಗೊತ್ತಿಲ್ರಿ.”

“ಮತ್ತ ನಿಮ್ಮ ಸನ್ಮಾನಪತ್ರದಾಗ ರ‍್ಯಾಂಕ್ ಅಂತ ಹೆಂಗ ಬರೀತೀರಿ?”

“‘ಪ್ರಥಮ ಸ್ಥಾನ’ ಅಂತ ಬರೀತೀನ್ರಿ.”

ನೀಲಾಂಬಿಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ ಅವನೂ ನಕ್ಕ. ನಕ್ಕಾದ ಮೇಲೆ ಅವಳೇ ಭಂಡಾರವನ್ನು ಶೋಧಿಸಿ ನೋಡಿದಳು. ಆರು ವರ್ಷಗಳಲ್ಲಿ ತಾನೇ ಅರವತ್ತಮೂರು ಸಲ ಈ ಉತ್ತರ ಬರೆದಿದ್ದಳು. ಎಲ್ಲವೂ ‘ಸಹಾಯ’, ‘ಅರ್ಜೆಂಟ್’, ‘ನಮಸ್ಕಾರ’ ಎಂಬ ತಲೆಬರಹಗಳಡಿ ಹೂತುಹೋಗಿದ್ದವು. ತಪ್ಪು ಕೇಳಿದವರದಲ್ಲವೆಂದು ಅವಳಿಗೆ ಅರಿವಾದದ್ದು ಆಗಲೇ.

ಕ್ಷಣಾರ್ಧದಲ್ಲಿ ವ್ಯೂಹ ಬದಲಾಯಿತು. ಶೋಧನದಕ್ಷನಾದ ಷಡಕ್ಷರಪ್ಪನು ಪತ್ರಪರ್ವತವನ್ನು ಒಂದೊಂದೇ ಕಲ್ಲಾಗಿ ಸರಿಸಿ, ರೇಷ್ಮಾಳ ಮೂರು ಪತ್ರಗಳನ್ನು ಹೆಕ್ಕಿ ಲಿಪಿದೋಣಿಯ ಕರ್ತೃವಿಗೆ ರವಾನಿಸಿದನು. ಹೊಸ ಆವೃತ್ತಿಯ ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ತಪ್ಪಾಗಿ ಬಿದ್ದಿದೆ, ತೆಗೆದರೆ ಸಾಕು ಎಂದು ಆತ ತಿಳಿಸಿದ. ಮಧ್ಯಾಹ್ನ ಎರಡಕ್ಕೆ ವಿಜಯಪುರದಿಂದ ಫೋನಿನಲ್ಲಿ ಕಂಪ್ಯೂಟರಿನ ದನಿ “ಕ, ಕಾ” ಎಂದದ್ದೂ, ಅದರ ಮೇಲೆ ಮಕ್ಕಳು ಹೋ ಎಂದದ್ದೂ ಕೇಳಿಸಿತು.

ಇತ್ತ ನೀಲಾಂಬಿಕೆಯು ಅರವತ್ತಮೂರು ಉತ್ತರಗಳನ್ನು ಕಡೆದು, ಸೋಸಿ, ಹನ್ನೊಂದು ಸಲ ತಿದ್ದಿ, ಆ ಅಮೋಘಾಸ್ತ್ರವನ್ನು ಸಿದ್ಧಪಡಿಸಿದಳು. ಪಟ್ಟಿಯಿಂದ ಹೊರಡುವ ಪ್ರತಿಯೊಂದು ಪತ್ರದ ನೆತ್ತಿಯಲ್ಲೂ ತಾನಾಗಿಯೇ ಮೂಡುವಂತೆ ಅದನ್ನು ಪ್ರತಿಷ್ಠಾಪಿಸಿದಳು. ಪತ್ರವೃಷ್ಟಿ ತೆಳುವಾಯಿತು, ಹನಿಯಾಯಿತು, ನಿಂತಿತು. ದಿಕ್ಕುಗಳು ತಿಳಿಯಾದವು. ವಿಜಯಶ್ರೀಯು ಗದಗಿನ ಕಡೆಗೆ ಹೆಜ್ಜೆಯಿಟ್ಟಳು.

ಹೆಜ್ಜೆಯಿಟ್ಟು ಒಳಗೆ ಬಂದವಳು ನಾದಿನಿ ಗಂಗವ್ವ. ಪರದೆಗೆ ಬಾಗಿ, ಜಗದೇಕವೀರೆಯ ದಿಗ್ವಿಜಯಶಾಸನವನ್ನು ಗಟ್ಟಿಯಾಗಿ ಓದಿದಳು:

“‘ರ ಒತ್ತಿ. ನಕ್ಷತ್ರದ ಕೀಲಿ ಒತ್ತಿ. ಆಮೇಲೆ ಯಾ ಒತ್ತಿ.’ ಇಷ್ಟರ ಸಲುವಾಗಿ ಮುಂಜಾನಿಂದ ನಾಷ್ಟಾ ಬಿಟ್ಟು ಕುಂತೀರೇನ್ರಿ ವೈನಿ?”

“ಹೂಂ,” ಎಂದಳು ನೀಲಾಂಬಿಕೆ, ಮತ್ತು ಆರಿದ ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಿದಳು.