ಎಂಜಿನ್ ಗರಗಸ

ರಾತ್ರಿ ಬೀಸಿದ ಬಿರುಗಾಳಿಗೆ ಜಮಖಂಡಿ ಸಂಸ್ಥಾನದ ಕಾರಕೂನ ಚನಮಲ್ಲಪ್ಪನ ಬೇವಿನ ಮರ ಬುಡಸಮೇತ ಕಿತ್ತುಬಂದು, ಸರಿಯಾಗಿ ಮುಂಬಾಗಿಲಿಗೆ ಅಡ್ಡವಾಗಿ ಮಲಗಿಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಚಿಂತೆ ಇರಲಿಲ್ಲ. ಆದರೆ ಅಂದು ಮಗಳು ಶೇವಂತಿಯನ್ನು ನೋಡಲು ಮುಧೋಳದಿಂದ ಗಂಡಿನ ಕಡೆಯವರು ಬರುವವರಿದ್ದರು.

ಬರುವವರು ಸಾಧಾರಣದವರಲ್ಲ. ಹೆಂಡತಿ ತಂಗೆವ್ವನ ಅಣ್ಣ ವರ್ಷಗಟ್ಟಲೆ ಚಪ್ಪಲಿ ಸವೆಸಿ ಹುಡುಕಿದ ಸಂಬಂಧ. ಬೀಗರ ಮುಖವನ್ನು ಚನಮಲ್ಲಪ್ಪ ಇನ್ನೂ ಕಂಡಿರಲಿಲ್ಲ.

"ಹೊತ್ತು ಇಳಿಯೂದ್ರಾಗ ಬರ್ತಾರ್ರಿ. ನಾಕ ಮಂದಿಗೆ ಕೊಡ್ಲಿ ಕೊಟ್ಟ ಕಡಸ್ರಿ," ಅಂದಳು ತಂಗೆವ್ವ.

"ಕೊಡ್ಲಿ ಯಾಕ? ಅಪ್ಪನ ಎಂಜಿನ್ ಗರಗಸ ಐತಲ್ಲ."

ತಂಗೆವ್ವ ಹಣೆ ಚಚ್ಚಿಕೊಂಡಳು. ಅದನ್ನು ಚನಮಲ್ಲಪ್ಪನ ತಂದೆ ಬೆಳಗಾವಿಯ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದಿದ್ದರು. ವಿಲಾಯತಿಗೆ ಮರಳುತ್ತಿದ್ದ ಯಾವನೋ ಸಾಹೇಬನ ಮಾಲು. ಎಣ್ಣೆ ಕುಡಿದು ಓಡುವ ಎಂಜಿನ್ನು, ಅದರ ಮುಂದೆ ಮೊಸಳೆಯ ದವಡೆಯಂಥ ಉದ್ದನೆಯ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಸರಪಳಿ. ತಂದೆ ಅದನ್ನು ಮನೆಗೆ ತಂದ ವಾರದಲ್ಲೇ ತೀರಿಕೊಂಡರು. ಅಂದಿನಿಂದ ಅದು ಅಟ್ಟದ ಮೇಲೆ ಬೆಲ್ಲದ ಕೊಡಗಳ ನಡುವೆ ಮಲಗಿತ್ತು.

"ಹಿತ್ತಲ ಬಾಗಲಾ ಐತಿ. ಮಗ್ಗಲ ಮನಿ ಸಾವಕ್ಕನ ಅಂಗಳದಾಗಿಂದ ಕರಕೊಂಡ ಬಂದ್ರಾತು," ಅಂದಳು ತಂಗೆವ್ವ.

"ಬೀಗರನ್ನ ಎಮ್ಮಿ ಬಾಲಾ ಸರಿಸಿ ಒಳಗ ಕರೀಲೇನು? ಮಶೀನು ಇಳಸ್ತೀನಿ. ಅವ್ರು ಬರೂದ್ರಾಗ ಗಿಡಾ ಹತ್ತ ತುಂಡ ಆಗಿರ್ತೈತಿ."

ಗರಗಸ ಬೀದಿಗೆ ಬಂದದ್ದೇ ತಡ, ಓಣಿಯೆಲ್ಲ ನೆರೆಯಿತು. ಮೊದಲು ಬಂದವರು ಬಟ್ಟೆ ವ್ಯಾಪಾರಿ ಅಪ್ಪಾಜಿ. ಬಗ್ಗಿ ಎಂಜಿನ್ನಿನ ಸಂದಿಯಲ್ಲಿ ಇಣುಕಿ ಕೈ ಎತ್ತಿ ತಡೆದರು.

"ತಡೀರಿ ಕಾರಕೂನರ. ಒಳಗ ಇರಿವಿ ಸಂಸಾರ ಮಾಡ್ಯಾವು. ಬೆಲ್ಲದ ವಾಸನಿಗೆ ಬಂದಾವು, ಪಾಪ."

"ಈಗೇನ್ ಮಾಡೂದ್ರಿ?"

"ಹಿಂಸಾ ಆಗಬಾರದು. ಹೊರಗ ಒಂದೀಟ ಬೆಲ್ಲಾ ಇಡ್ರಿ. ಅವಾಗಿ ಬರ್ತಾವು."

ಬೆಲ್ಲ ಇಟ್ಟರು. ಒಳಗಿನ ಇರುವೆಗಳು ಒಂದೊಂದಾಗಿ ಹೊರಬಂದವು. ಆದರೆ ಬೆಲ್ಲದ ಸುದ್ದಿ ತಿಳಿದು ಓಣಿಯ ಬೇರೆ ಇರುವೆಗಳೂ ಬಂದು, ತಿಂದು, ನೆರಳು ಬೇಕೆಂದು ಎಂಜಿನ್ನಿನೊಳಗೆ ಹೊಕ್ಕವು. ಅಪ್ಪಾಜಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತ ಕೂತರು. ಕಡೆಯ ಇರುವೆ ಬೀಳ್ಕೊಂಡಾಗ ಬಿಸಿಲು ನೆತ್ತಿಯ ಮೇಲಿತ್ತು.

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಹಣಮಪ್ಪ ಬಂದ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಕರಿಯಲು ಸಿದ್ಧವಾದ ಬಜಿಯಂತೆ ಕಾಣುತ್ತಿದ್ದ. ಊರಲ್ಲಿ ಎಂಜಿನ್ನಿನ ವಿಷಯದಲ್ಲಿ ಅವನದೇ ಕಡೆಯ ಮಾತು. ಕುಡಚಿಗೆ ಹೋಗುವ ಮೋಟಾರಿನ ಡ್ರೈವರನನ್ನು ಗೋಗರೆದು ಚನಮಲ್ಲಪ್ಪ ಒಂದು ತಂಬಿಗೆ ಪೆಟ್ರೋಲು ತಂದಿದ್ದ. ಹಣಮಪ್ಪ ಅದನ್ನು ಹೊಯ್ದ. ಎಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ ಜಗ್ಗಿದ. ಎಂಜಿನ್ ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ತಲಿ ತಣ್ಣಗ ಐತ್ರಿ. ನಮ್ಮ ಗಿರಣಿ ಎಂಜಿನ್ ತಲಿ ಕಾಸಿದ್ರನ ಏಳೂದು."

"ಇದು ಬ್ಯಾರೆ ಥರದ್ದ ಅಲ್ಲೇನೋ?"

"ಎಂಜಿನ್ ಅಂದ್ರ ಎಂಜಿನ್‌ರಿ."

ಉರಿಯುವ ಸಗಣಿ ಕುಳ್ಳು ತಂದು ಹಣಮಪ್ಪ ಎಂಜಿನ್ನಿನ ತಲೆ ಕಾಸಿದ. ಚನಮಲ್ಲಪ್ಪ ಕಾದಿದೆಯೋ ಇಲ್ಲವೋ ನೋಡಲು ಬಗ್ಗಿದ. ಚೆಲ್ಲಿದ್ದ ಪೆಟ್ರೋಲು ಆಗಲೇ ಆವಿಯಾಗಿ ಕಾಯುತ್ತಿತ್ತು. ಢಮ್ ಅಂದಿತು. ಓಣಿಯ ಕಾಗೆಗಳೆಲ್ಲ ರಾಮತೀರ್ಥದ ಗುಡ್ಡದ ಕಡೆಗೆ ಹಾರಿದವು. ಹೊಗೆ ಸರಿದಾಗ ಚನಮಲ್ಲಪ್ಪ ನಿಂತೇ ಇದ್ದ, ಆದರೆ ಹಂಚಿನ ತಳದಂತೆ ಕಪ್ಪಾಗಿದ್ದ. ಹುಬ್ಬು ಎರಡೂ ಇರಲಿಲ್ಲ. ಕಿವಿಯಲ್ಲಿ ಜೇನುಹುಳುಗಳ ಗೂಡೇ ಗುಂಯ್‌ಗುಡುತ್ತಿತ್ತು.

ತಂಗೆವ್ವ ಕಿಟಕಿಯಿಂದ ಏನೋ ಕೂಗಿದಳು. ಅವನಿಗೆ ಬಾಯಿ ತೆರೆದದ್ದಷ್ಟೇ ಕಂಡಿತು. ಆದರೆ ಈಗ ಹಿಂದೆ ಸರಿಯುವುದು ಹೇಗೆ? ಓಣಿಯೆಲ್ಲ ನೋಡುತ್ತಿದೆ. ಮೇಲಾಗಿ, ಎಂಜಿನ್ ಕೆಮ್ಮಿದೆ ಅಂದರೆ ಜೀವವಿದೆ ಅಂತಲೇ ಅರ್ಥ.

ಅಲ್ಲಿಂದ ಮುಂದೆ ಓಣಿಯ ಗಂಡಸರೆಲ್ಲ ಸರದಿಯ ಮೇಲೆ ಹಗ್ಗ ಜಗ್ಗಿದರು. ಒಬ್ಬ ಕುಸುಬಿ ಎಣ್ಣೆ ಬಿಡು ಅಂದ, ಬಿಟ್ಟರು. ಮತ್ತೊಬ್ಬ ತೆಂಗಿನಕಾಯಿ ಒಡೆ ಅಂದ, ಒಡೆದರು. ಎಂಜಿನ್ ಜಪ್ಪಯ್ಯ ಅನ್ನಲಿಲ್ಲ. ಜಗ್ಗಿದವರು ಕೈ ಉಜ್ಜುತ್ತ ಒಬ್ಬೊಬ್ಬರಾಗಿ ಕಟ್ಟೆ ಹಿಡಿದರು. ಹಣಮಪ್ಪನ ರಟ್ಟೆಯೂ ಸೋತಿತು.

ಆಗ ಗುಂಪು ಸೀಳಿಕೊಂಡು ಒಬ್ಬ ಹಿರಿಯರು ಮುಂದೆ ಬಂದರು. ಬಿಳಿ ಧೋತರ, ಜರಿ ರುಮಾಲು, ಗರಡಿಯಲ್ಲಿ ಸಾಮು ಮಾಡಿದಂಥ ಮೈ. ಚನಮಲ್ಲಪ್ಪನ ಎದುರು ನಿಂತು ತುಟಿ ಅಲುಗಿಸಿದರು. ಬೆಳಗಿನಿಂದ ಬಂದವರೆಲ್ಲ ಸಲಹೆ ಕೊಡುವವರೇ. ಈತನೂ ಅದೇ ಜಾತಿಯವನು ಅಂದುಕೊಂಡ ಚನಮಲ್ಲಪ್ಪ.

"ಬಾಯಿಲೆ ಹೇಳಾವ್ರು ಭಾಳ ಮಂದಿ ಆದ್ರು. ಹಗ್ಗಾ ಹಿಡದ ಜಗ್ಗ," ಅಂದು ಹಗ್ಗದ ತುದಿಯನ್ನು ಅವರ ಕೈಗೆ ತುರುಕಿದ.

ಹಿರಿಯರು ಮತ್ತೇನೋ ಅಂದರು.

"ಇಷ್ಟ ದೇಹಾ ಬೆಳಸೀದಿ, ಬರೇ ರೊಟ್ಟಿ ಮುರ್ಯಾಕೇನು? ಜಗ್ಗಲೇ."

ಹಿರಿಯರ ಮುಖ ಕೆಂಪಾಯಿತು. ಆ ಸಿಟ್ಟಿನಲ್ಲೇ ಎರಡೂ ಕೈಯಿಂದ ಹಗ್ಗ ಎಳೆದುಬಿಟ್ಟರು. ಹಗ್ಗ ಕಳಚಿತು. ಅವರು ಹಿಮ್ಮುಖವಾಗಿ ಹೋಗಿ ಸಾವಕ್ಕನ ಸಗಣಿ ಬುಟ್ಟಿಯಲ್ಲಿ ಕೂತರು. ಅದೇ ಕ್ಷಣಕ್ಕೆ ಎಂಜಿನ್ ಭರ್ರನೆ ಎದ್ದಿತು.

ಓಣಿಯೆಲ್ಲ ಚಪ್ಪಾಳೆ ತಟ್ಟಿತು. ಬುಟ್ಟಿಯಲ್ಲಿದ್ದವರನ್ನು ಎಬ್ಬಿಸಲೂ ಯಾರಿಗೂ ಪುರಸೊತ್ತಿರಲಿಲ್ಲ. ಚನಮಲ್ಲಪ್ಪ ಒಂದು ಕಡೆ, ಹಣಮಪ್ಪ ಇನ್ನೊಂದು ಕಡೆ ಹಿಡಿದು ಗರಗಸವನ್ನು ಮರದ ಮೇಲಿಟ್ಟರು. ಇಬ್ಬರೂ ಮೈ ನಡುಗುತ್ತ, ಹಲ್ಲು ಕಟಕಟಿಸುತ್ತ ಬಹಳ ಹೊತ್ತು ಒತ್ತಿದರು. ಹೊಗೆ ಬಂತು, ಕಮಟು ವಾಸನೆ ಬಂತು, ಮರದ ಹೊಟ್ಟು ಮಾತ್ರ ಬರಲಿಲ್ಲ. ತಂಬಿಗೆ ಪೆಟ್ರೋಲು ತೀರಿ ಎಂಜಿನ್ ನಿಂತಾಗ ನೋಡಿದರೆ, ಮರ ಬಡಗಿ ತಿಕ್ಕಿದಂತೆ ಅಂಗೈಯಗಲ ನುಣ್ಣಗಾಗಿ ಹೊಳೆಯುತ್ತಿತ್ತು. ಅಷ್ಟೇ.

ಹಣಮಪ್ಪ ಸರಪಳಿ ಸವರಿ ನೋಡಿ, ಚನಮಲ್ಲಪ್ಪನ ಕಿವಿಗೆ ಬಾಯಿಟ್ಟು ಕೂಗಿದ. "ಹಲ್ಲ ಹಿಂದಮುಂದ ಅದಾವ್ರಿ. ಸರಪಳಿ ಉಲ್ಟಾ ಹಾಕ್ಯಾರ."

ಚನಮಲ್ಲಪ್ಪನಿಗೆ ಆಗ ಸೂರ್ಯ ಎಲ್ಲಿಗೆ ಬಂದಿದ್ದಾನೆಂಬುದು ಕಂಡಿತು. ಮರ ಅಲ್ಲೇ ಇದೆ. ಬೀಗರು ಇನ್ನೇನು ಬಂದೇಬಿಡುತ್ತಾರೆ. ಮುಖವನ್ನಾದರೂ ತೊಳೆಯೋಣವೆಂದು ಸಾವಕ್ಕನ ಅಂಗಳಕ್ಕೆ ಓಡಿ, ಎಮ್ಮೆಗಳನ್ನು ಸರಿಸಿ, ಹಿತ್ತಲ ಬಾಗಿಲಿನಿಂದ ಮನೆ ಹೊಕ್ಕ.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ತಂಗೆವ್ವ ಖಾಲಿ ತಾಟು ಎತ್ತುತ್ತಿದ್ದಳು.

"ಬಂದ್ರೇನ?" ಅಂದ ಚನಮಲ್ಲಪ್ಪ.

ಅವಳು ಅವನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದಳು. "ಬಂದ್ರು, ಉಂಡ್ರು, ಹೋದ್ರು. ಸಾವಕ್ಕ ಹಿತ್ತಲದಾಗಿಂದ ಕರಕೊಂಡ ಬಂದ್ಲು. ಶೇವಂತಿ ಪಸಂದ ಆದ್ಲು. ಎಲಿ ಅಡಕಿ ಹಿಡದ ಸಂಬಂಧ ಗಟ್ಟಿ ಮಾಡ್ಯಾರ."

ಚನಮಲ್ಲಪ್ಪ ಸಂತೋಷದಿಂದ ಅಲ್ಲೇ ಕುಕ್ಕರಿಸಿದ. "ನನ್ನ ಕೇಳಲಿಲ್ಲೇನು?"

"ಕೇಳಿದ್ರು. ಸಂಸ್ಥಾನದ ಕೆಲಸದ ಮ್ಯಾಲ ಬೀಳಗಿಗಿ ಹೋಗ್ಯಾರ ಅಂದೆ."

"ಏ, ನಾ ಇಲ್ಲೇ ಬಾಗಲದಾಗ ಇದ್ದೆನಲ್ಲ."

"ಬೀಗರು ಒಳಗ ಬಂದಾಗ ಬೆನ್ನತುಂಬ ಸಗಣಿ ಇತ್ತು. 'ಹೊರಗ ಒಬ್ಬಾಂವ ಮಸಿ ಬಡದ ಕರೇ ಮಾರ್ಯಾಂವ ಅದಾನ, ಮನಿ ಯಾವದ ಅಂತ ಕೇಳಿದ್ರ ಹಗ್ಗಾ ಜಗ್ಗಸಿದ, ಲೇ ಅಂದ, ಯಾರಂವ' ಅಂತ ಕೇಳಿದ್ರು. ನಾ ಏನ ಹೇಳ್ಬೇಕ್ರಿ? ಓಣ್ಯಾನ ಹುಚ್ಚ ಅಂದೆ."

"ಆಮ್ಯಾಲ?"

"ಪಾಪ ಅಂದ್ರು. ಒಂದ ಕರಾರ ಹಾಕ್ಯಾರ. ಲಗ್ನದ ದಿನಾ ಆ ಹುಚ್ಚ ಹಂದರದಾಗ ಕಾಲಿಡಬಾರದಂತ. ಮಸಿ ತೊಳದ ಬಂದ್ರೂ ಆ ಮಾರಿ ಸಾಯೂತನಕ ಮರಿಯೂದಿಲ್ಲಂತ."

ಚನಮಲ್ಲಪ್ಪ ಹುಬ್ಬಿದ್ದ ಜಾಗ ಸವರಿಕೊಂಡ. ಕೊನೆಗೆ ತಾನೇ ಸಮಾಧಾನ ಮಾಡಿಕೊಂಡ. "ಇರ್ಲಿ ಬಿಡು. ಲಗ್ನದ ತನಕ ಹುಬ್ಬಾ ಬೆಳೀತಾವು. ಮೀಸಿ ಬೋಳಿಸಿದ್ರಾತು, ಗುರ್ತ ಸಿಗೂದಿಲ್ಲ. ಅಲ್ಲೀತನಕ ಅವ್ರ ಕಣ್ಣಿಗೆ ಬೀಳದಂಗ ಇರ್ತೀನಿ."

ತಂಗೆವ್ವ ತಾಟು ಕೆಳಗಿಟ್ಟಳು.

"ಅದ ಆಗೂದಿಲ್ರಿ. ಭಾಳ ದೊಡ್ಡ ಮನಸಿನ ಮಂದಿ. ಯಜಮಾನ್ರನ್ನ ಕಾಣದ ಊರಿಗೆ ಹೋಗೂದು ಮರ್ಯಾದಿ ಅಲ್ಲ ಅಂದ್ರು. ಚಕ್ಕಡಿ ತಿರುಗಿಸಿ ನಿಮ್ಮನ್ನ ಹುಡುಕ್ಕೋತ ಬೀಳಗಿಗಿ ಹೋಗ್ಯಾರ."